ಹದಿನೇಳನೇ ಬೋರು

ಇನ್ನೂರ ಹತ್ತನೇ ಮೀಟರಿನಲ್ಲಿ ಬಿರುಕು ಇರಬೇಕಿತ್ತು. ಇರಲಿಲ್ಲ. ಭೂವಿಜ್ಞಾನಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಪೆಟ್ಟಿಗೆಯ ಮೇಲೆ ಬಗ್ಗಿದಳು. ಹೋದ ವಾರವಷ್ಟೇ ಬೋರು ಕೊರೆದು ನೆಲದಾಳದಿಂದ ಎತ್ತಿದ ಕಲ್ಲಿನ ಕೋಲು ಲಟ್ಟಣಿಗೆಯ ಹಾಗೆ ನುಣ್ಣಗೆ, ಕೂದಲೆಳೆಯಷ್ಟೂ ಸೀಳಿಲ್ಲದೆ ಮಲಗಿತ್ತು. ಹಿಂದಿನ ಪೆಟ್ಟಿಗೆ ನೋಡಿದಳು, ಮುಂದಿನದನ್ನು ನೋಡಿದಳು. ಭೂಮಿಯೇನು ಸ್ಕೇಲು ಹಿಡಿದುಕೊಂಡು ಬಿರುಕು ಬಿಡುತ್ತದೆಯೇ, ಹತ್ತು ಮೀಟರ್ ಆಚೀಚೆ ಆಗಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಕಲ್ಲಿನ ಪೆಟ್ಟಿಗೆಗಳನ್ನು ಸಾಲಾಗಿಟ್ಟ ಶೆಡ್ಡಿನ ಉದ್ದಕ್ಕೂ ನಡೆದು ಮುನ್ನೂರ ಮೂವತ್ತನೇ ಮೀಟರಿನ ಪೆಟ್ಟಿಗೆಗೆ ಬಂದಳು. ಅಲ್ಲಿ ಎರಡನೇ ಬಿರುಕು ಇರಬೇಕಿತ್ತು. ಅದೂ ಇರಲಿಲ್ಲ.

ಆ ಎರಡು ಬಿರುಕುಗಳನ್ನು ಕಂಡುಹಿಡಿದವಳು ಅವಳೇ. ಹತ್ತೊಂಬತ್ತು ವರ್ಷದಿಂದ ಅವು ನಕ್ಷೆಗಳಲ್ಲಿ ದಪ್ಪ ಕಪ್ಪು ಗೆರೆಗಳಾಗಿ ಕೂತಿದ್ದವು. ಒಂದು ಪಠ್ಯಪುಸ್ತಕಕ್ಕೂ ಸೇರಿ, ಅವುಗಳ ಬಗ್ಗೆ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಬರುವಷ್ಟರ ಮಟ್ಟಿಗೆ ದೊಡ್ಡ ಮನುಷ್ಯರಾಗಿದ್ದವು.

ತಾಮ್ರದ ಅದಿರು ಹುಟ್ಟುವ ಬಗೆಯನ್ನು ಎಲ್ಲ ಪುಸ್ತಕಗಳೂ ಒಂದೇ ರೀತಿ ಹೇಳುತ್ತವೆ. ಆಳದಲ್ಲೆಲ್ಲೋ ಕರಗಿದ ಬಂಡೆಯಿಂದ ಬಿಡಿಸಿಕೊಂಡ ಸುಡುನೀರು ತಾಮ್ರವನ್ನು ಹೊತ್ತುಕೊಂಡು ಮೇಲಕ್ಕೆ ಏರುತ್ತದೆ. ತಣಿದಂತೆಲ್ಲ ಹೊತ್ತ ಹೊರೆಯನ್ನು ಒಂದೊಂದಾಗಿ ಇಳಿಸುತ್ತದೆ. ಬಿಸಿಗೆ ಹತ್ತಿರದಲ್ಲಿ ನವಿಲಿನ ಕತ್ತಿನ ಬಣ್ಣದ ಬೋರ್ನೈಟ್, ಅದರಾಚೆ ಹಳದಿ ಅದಿರು, ಎಲ್ಲಕ್ಕಿಂತ ಹೊರಗೆ, ಅಂದರೆ ಮೇಲೆ, ಚಿನ್ನದಂತೆ ಹೊಳೆದು ಮೋಸ ಮಾಡುವ ಪೈರೈಟ್. ಈ ಗುಡ್ಡದಲ್ಲಿ ಆಳಕ್ಕೆ ಇಳಿದದ್ದು ಹದಿನೇಳನೇ ಬೋರು ಒಂದೇ. ಆ ಬೋರಿನ ಕಲ್ಲುಗಳಲ್ಲಿ ಇನ್ನೂರ ಹತ್ತರಿಂದ ಮುನ್ನೂರ ಮೂವತ್ತು ಮೀಟರಿನವರೆಗೆ ಎಲ್ಲ ತಿರುಗುಮುರುಗು: ನವಿಲು ಬಣ್ಣ ಮೇಲೆ, ಪೈರೈಟ್ ಕೆಳಗೆ. ಹಾಗಾದರೆ ಇಲ್ಲಿ ಬಿಸಿನೀರು ಕೆಳಗಿನಿಂದ ಏರಿಲ್ಲ, ಮೇಲಿನಿಂದ ಇಳಿದಿದೆ ಎಂದು ಅವಳು ಇಪ್ಪತ್ತೇಳನೇ ವಯಸ್ಸಿನಲ್ಲಿ ಬರೆದಳು. ಮೊದಲು ನಕ್ಕರು. ಆಮೇಲೆ ವಾದ ಮಾಡಿದರು. ಕೊನೆಗೆ ಕರೆದು ಕುರ್ಚಿ ಕೊಟ್ಟರು. "ಒಂದು ಬೋರಿನ ಮೇಲೆ ಇಷ್ಟು ದೊಡ್ಡ ಮಾತು ನಿಲ್ಲುತ್ತದೆಯೇ? ಪಕ್ಕದಲ್ಲಿ ಇನ್ನೊಂದು ಕೊರೆದು ತೋರಿಸಿ" ಎಂದು ಕೇಳುವವರು ಮಾತ್ರ ಕೇಳುತ್ತಲೇ ಇದ್ದರು. ಹನ್ನೊಂದು ವರ್ಷ ಅರ್ಜಿ ಬರೆದು ಬರೆದು, ಅಂತೂ ಈ ವರ್ಷ, ಹಳೆಯ ಬೋರಿನಿಂದ ನಾಲ್ಕೇ ಮೀಟರ್ ದೂರದಲ್ಲಿ ಹೊಸದನ್ನು ಕೊರೆಸಿದಳು. ಅವಳು ಕೇಳಿ ಕೇಳಿ ಪಡೆದ ಕಲ್ಲು ಇದು.

ಅವಳು ನೀರಿನ ಬುಡ್ಡಿ ತೆಗೆದುಕೊಂಡು ಇನ್ನೂರ ಮೂವತ್ತಾರನೇ ಮೀಟರಿನ ಕಲ್ಲಿಗೆ ಚಿಮುಕಿಸಿದಳು. ಒದ್ದೆಯಾದ ಕಲ್ಲಿನಲ್ಲಿ ಬೆಣಚುಕಲ್ಲಿನ ಬಿಳಿ ಎಳೆಯೊಂದು ಎದ್ದು ಕಂಡಿತು. ಮೊಣಕೈ ಮಡಿಸಿದಂತೆ ಬಾಗಿ, ಬಾಗಿದಲ್ಲಿ ಹೆಬ್ಬೆರಳಿನಷ್ಟು ಅಗಲವಾಗಿತ್ತು. ಈ ಎಳೆ ಅವಳಿಗೆ ಹೊಸದಲ್ಲ. ಹದಿನೇಳನೇ ಬೋರಿನಲ್ಲಿ ಇದು ಮುನ್ನೂರ ನಾಲ್ಕನೇ ಮೀಟರಿನಲ್ಲಿತ್ತು. ಮುಂದಕ್ಕೆ ಹೋದಳು. ಹಳೆಯ ಬೋರಿನ ಇನ್ನೂರ ಐವತ್ತೊಂದರಲ್ಲಿ ಕಂಡ ಹಸಿರು ಪಟ್ಟಿ ಇಲ್ಲಿ ಇನ್ನೂರ ಎಂಬತ್ತೊಂಬತ್ತರಲ್ಲಿ ಬಿದ್ದಿತ್ತು. ಹಳೆಯ ಅಳತೆಗೆ ಹೊಸ ಅಳತೆಯನ್ನು ಬಾಯಲ್ಲೇ ಕೂಡಿದಳು. ಎರಡು ಸಲವೂ ಐನೂರ ನಲವತ್ತು ಬಂತು. ಮೂರನೇ ಗುರುತು ಹುಡುಕಿ ಕೂಡಿದಳು. ಮತ್ತೆ ಐನೂರ ನಲವತ್ತು. ಇನ್ನೂರ ಹತ್ತಕ್ಕೆ ಮುನ್ನೂರ ಮೂವತ್ತು ಕೂಡಿದರೂ ಅಷ್ಟೇ: ಒಂದರಲ್ಲಿ ಮೇಲಿನ ತುದಿಯಿಂದ ಎಷ್ಟು ದೂರವೋ ಇನ್ನೊಂದರಲ್ಲಿ ಕೆಳಗಿನ ತುದಿಯಿಂದ ಅಷ್ಟೇ ದೂರ.

ಲೆಕ್ಕ ಅಲ್ಲಿಗೆ ಮುಗಿಯಿತು. ಕಲ್ಲು ಎರಡೂ ಕಡೆ ಒಂದೇ. ಹಳೆಯ ಬೋರಿನ ಇಪ್ಪತ್ತನಾಲ್ಕು ಪೆಟ್ಟಿಗೆಗಳ ಕಲ್ಲನ್ನು ಯಾರೋ ತಲೆಕೆಳಗಾಗಿ ಜೋಡಿಸಿದ್ದರು. ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿದಿತ್ತೋ, ಆ ಎರಡು ಕಡೆ, ಕಲ್ಲಿಗೆ ಕಲ್ಲು ಹೊಂದದೆ ಪುಡಿ ತುಂಬಿದ್ದಲ್ಲಿ, ಅವಳು ಎರಡು ಬಿರುಕು ಎಳೆದಿದ್ದಳು. ಬಿರುಕು ಭೂಮಿಯಲ್ಲಿರಲಿಲ್ಲ, ಪೆಟ್ಟಿಗೆಯಲ್ಲಿತ್ತು.

ಯಾರೋ ಅಲ್ಲ. ಅವಳು ಮಗುಚಿಟ್ಟ ಖಾಲಿ ಪೆಟ್ಟಿಗೆಯ ಮೇಲೆ ಕೂತಳು. ಅಪ್ಪ ಈ ಶೆಡ್ಡಿನಲ್ಲೇ ಇಪ್ಪತ್ತೆಂಟು ವರ್ಷ ಪೆಟ್ಟಿಗೆ ಹೊತ್ತವನು. ಅವಳಿಗೆ ಒಂಬತ್ತು ವರ್ಷವಿದ್ದಾಗ, ಅಮ್ಮ ಊರಲ್ಲಿಲ್ಲದ ಒಂದು ಶನಿವಾರ ಭಾನುವಾರ, ಅಪ್ಪ ಅವಳನ್ನು ಇಲ್ಲಿಗೆ ಕರೆತಂದಿದ್ದ. ನೆಲದ ತುಂಬ ಕಲ್ಲು ಹರಡಿತ್ತು. ಅಪ್ಪ ಮಂಡಿಯೂರಿ ಒಂದೊಂದೇ ಕಲ್ಲಿನ ಮುರಿದ ತುದಿಗೆ ಇನ್ನೊಂದರ ತುದಿ ಹಿಡಿದು ನೋಡಿ ಜೋಡಿಸುತ್ತಿದ್ದ. ಅವಳ ಕೈಗೆ ಕುಂಚವೂ ಕೆಂಪು ಬಣ್ಣದ ಡಬ್ಬಿಯೂ ಬಂದಿದ್ದವು. ಜೋಡಿಸಿದ ಪ್ರತಿ ಕಲ್ಲಿನ ಮೇಲೂ ಕೆಳಮುಖ ತೋರಿಸುವ ಬಾಣ ಹಾಕುವುದು ಅವಳ ಕೆಲಸ. ಹದಿನೇಳನೇ ಬೋರಿನ ಕಲ್ಲುಗಳ ಮೇಲೆ ಆ ಬಾಣಗಳು ಈಗಲೂ ಇದ್ದವು. ಮಧ್ಯೆ ಅಪ್ಪ ಒಂದು ಕಲ್ಲನ್ನು ನೀರಿನಲ್ಲಿ ಅದ್ದಿ ಅವಳ ಮುಖದ ಮುಂದೆ ಹಿಡಿದಿದ್ದ. ನೀಲಿ, ನೇರಳೆ, ಹಸಿರು, ಕೆಂಪು ಎಲ್ಲ ಒಂದೇ ಕಲ್ಲಿನಲ್ಲಿ. ಅವಳು ಭೂವಿಜ್ಞಾನಿ ಆದದ್ದು ಆವತ್ತೇ.

ಈ ಕಥೆಯನ್ನು ಅವಳು ಹೋದಲ್ಲೆಲ್ಲ ಹೇಳಿದ್ದಳು. ಭಾಷಣ ಶುರುವಾಗುವುದೇ ಕುಂಚ ಮತ್ತು ಡಬ್ಬಿಯಿಂದ. ಆದರೆ ಕಪಾಟಿನಲ್ಲಿರಬೇಕಾದ ಕಲ್ಲು ನೆಲದ ಮೇಲೆ ಏಕೆ ಹರಡಿತ್ತು ಎಂದು ಒಬ್ಬರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. ಬಾಣ ಹಾಕಲೆಂದೇ ಅಪ್ಪ ಹರಡಿದ್ದಾನೆ ಎಂದು ಒಂಬತ್ತು ವರ್ಷದವಳು ಅಂದುಕೊಂಡದ್ದನ್ನು ನಲವತ್ತಾರರವಳೂ ಹಾಗೇ ನಂಬಿಕೊಂಡು ಬಂದಿದ್ದಳು. ಕಪಾಟು ಕುಸಿದಿತ್ತು, ಇನ್ನೇನು. ಇಷ್ಟು ವರ್ಷ ಪ್ರತಿ ವೇದಿಕೆಯ ಮೇಲೂ ನಿಂತು ಅವಳು ಹೇಳಿದ್ದು ತನ್ನದೇ ತಪ್ಪೊಪ್ಪಿಗೆ, ಜನ ಚಪ್ಪಾಳೆ ತಟ್ಟಿ ಕಳಿಸಿದ್ದರು. ಹದಿನೇಳನೇ ಬೋರು ಕೊರೆಸಿದ ಕಂಪನಿ ಬಾಗಿಲು ಹಾಕಿದಾಗ ಹಳೆಯ ದಾಖಲೆಗಳೆಲ್ಲ ರದ್ದಿಗೆ ಹೋದವು. ಉಳಿದದ್ದು ಕಲ್ಲು ಮತ್ತು ಬಾಣ. ಅವಳು ಆ ಬಾಣವನ್ನು ನಂಬಿದಳು. ಅಪ್ಪನ ಕೆಲಸ ತಪ್ಪಾಗಿರಲು ಸಾಧ್ಯವೇ ಇಲ್ಲ ಎಂದು ನಂಬಿದಳು.

ಶೆಡ್ಡಿನ ಬಾಗಿಲು ಕಿರ್ರೆಂದಿತು. ಅವಳ ಕೈಕೆಳಗೆ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿದ್ದ ಶಿಷ್ಯೆ ಊಟ ಮುಗಿಸಿ ಬಂದಿದ್ದಳು. ಕೈಯಲ್ಲಿ ಎರಡು ಲೋಟ ಚಹಾ.

"ಬಿರುಕು ಸಿಕ್ತಾ ಮೇಡಂ? ಫೋಟೋ ಹಾಕಿ ಕೊನೇ ಅಧ್ಯಾಯ ಮುಗಿಸಿಬಿಡ್ತೀನಿ."

ಭೂವಿಜ್ಞಾನಿ ಬಿಳಿ ಎಳೆಯ ಕಡೆ ಕೈ ತೋರಿಸಿದಳು. ಶಿಷ್ಯೆ ದಡ್ಡಿಯಲ್ಲ. ಹದಿನೇಳನೇ ಬೋರನ್ನು ಗುರುವಿನಷ್ಟೇ ಚೆನ್ನಾಗಿ ಬಲ್ಲವಳು. ಮೇಲಿನಿಂದ ಇಳಿದ ಬಿಸಿನೀರು ಎಷ್ಟು ವೇಗದಲ್ಲಿ ಇಳಿಯಿತು, ಎಷ್ಟು ಸಾವಿರ ವರ್ಷದಲ್ಲಿ ತಣಿಯಿತು ಎಂದು ನಾಲ್ಕು ವರ್ಷ ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿದ್ದಳು. ಕಂಪ್ಯೂಟರು ಪಾಪ, ಕೊಟ್ಟದ್ದನ್ನು ನಂಬಿ ಉತ್ತರ ಕೊಟ್ಟಿತ್ತು. ಶಿಷ್ಯೆ ಲೋಟಗಳನ್ನು ಕೆಳಗಿಟ್ಟು ಮೊದಲ ಪೆಟ್ಟಿಗೆಯಿಂದ ಕೊನೆಯ ಪೆಟ್ಟಿಗೆಯವರೆಗೆ ನಡೆದಳು. ವಾಪಸ್ಸು ಬರುವಾಗ ನಡಿಗೆ ನಿಧಾನವಾಗಿತ್ತು.

"ಹೊಸದನ್ನೇ ಡ್ರಿಲ್ಲಿಂಗ್ ಮೇಸ್ತ್ರಿ ಉಲ್ಟಾ ಇಟ್ಟಿರಬಹುದಲ್ವಾ?"

"ಅವರು ಎತ್ತಿದ್ದನ್ನ ಎತ್ತಿದ ಹಾಗೇ ಇಡೋವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ. ಉಲ್ಟಾ ಇರೋದು ಹಳೇದು."

ಶಿಷ್ಯೆ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ, ಯಾರಿಗೂ ಕೇಳಿಸಬಾರದೆಂಬಂತೆ, ಖಾಲಿ ಶೆಡ್ಡಿನಲ್ಲಿ ದನಿ ತಗ್ಗಿಸಿದಳು. "ಎರಡು ತಿಂಗಳು ಸಾಕು ಮೇಡಂ. ಪ್ರಬಂಧ ಕೊಟ್ಟು, ವೈವಾ ಮುಗಿದುಹೋಗ್ಲಿ. ಆಮೇಲೆ ನೀವು ಏನು ಬೇಕಾದ್ರೂ ಬರೀರಿ. ಮೂವತ್ತೇಳು ವರ್ಷ ಬಾಯಿ ಮುಚ್ಕೊಂಡಿದ್ದ ಕಲ್ಲು ಇನ್ನೆರಡು ತಿಂಗಳು ಇರಲ್ವಾ?"

"ಸುಳ್ಳು ಅಂತ ಗೊತ್ತಿದ್ದೂ ಸಹಿ ಹಾಕು ಅಂತೀಯ?"

"ಬೆಳಿಗ್ಗೆ ತನಕ ನಿಜಾನೇ ಆಗಿತ್ತಲ್ಲ." ಶಿಷ್ಯೆಯ ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ಸಹಿಸಬಹುದಿತ್ತು. "ಹೇಳಿದ್ರೆ ನಿಮಗೆ ಒಂದಷ್ಟು ದಿನ ಅವಮಾನ ಆಗುತ್ತೆ. ಆಮೇಲೆ ಪ್ರಾಮಾಣಿಕರು ಅಂತ ಹೊಗಳ್ತಾರೆ. ಕುರ್ಚಿ ಎಲ್ಲೂ ಹೋಗಲ್ಲ. ನನಗೆ ಏನು ಉಳಿಯುತ್ತೆ ಹೇಳಿ? ನಾನು ನಿಮ್ಮನ್ನ ನಂಬಿ ಬಂದೋಳು."

ಅದು ನಿಜವಾಗಿತ್ತು. ಅವಳು ಬಾಣವನ್ನು ನಂಬಿದ ಹಾಗೆ ಈ ಹುಡುಗಿ ಅವಳನ್ನು ನಂಬಿದ್ದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ತನ್ನ ಹತ್ತೊಂಬತ್ತು ವರ್ಷಕ್ಕೆ ಹೇಳಿಕೊಂಡು ನಿಟ್ಟುಸಿರು ಬಿಡಬಹುದು. ಇನ್ನೊಬ್ಬರ ನಾಲ್ಕು ವರ್ಷವನ್ನೂ ಅದೇ ಹೊಳೆಗೆ ಚೆಲ್ಲಿ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಶಿಷ್ಯೆ ತನ್ನ ಚಹಾವನ್ನು ಕುಡಿಯದೆ ಬಿಟ್ಟು ಹೋದಳು. ಅವಳು ಎರಡೂ ಲೋಟಗಳನ್ನು ಹೊರಗೆ ಚೆಲ್ಲಿ, ತೊಳೆದು, ಬೀಗ ಹಾಕಿದಳು.

ಮನೆಯಲ್ಲಿ ಅಪ್ಪ ಕಿಟಕಿಯ ಪಕ್ಕ ಕಾಲು ಚಾಚಿ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಎಪ್ಪತ್ತೈದಾದರೂ ತಲೆ ಚುರುಕು, ಮಂಡಿ ಮಾತ್ರ ಕೈಕೊಟ್ಟಿತ್ತು. "ಕಲ್ಲು ಹೊತ್ತ ಮಂಡಿ ಕಲ್ಲೇ ಆಗಿದೆ, ನಿನ್ನ ಮೈಕ್ರೋಸ್ಕೋಪಲ್ಲಿ ಇಟ್ಟು ನೋಡು, ಅದಿರು ಏನಾದ್ರೂ ಇದ್ಯೋ ಏನೋ" ಎಂದು ಅವಳನ್ನು ಆಗಾಗ ರೇಗಿಸುವುದಿತ್ತು. ಆವತ್ತೂ ಏನೋ ಹೇಳಿದ. ಅವಳಿಗೆ ಕೇಳಿಸಲಿಲ್ಲ. ಕೈಕಾಲು ತೊಳೆದು ಬಂದು, ಮೇಜಿನ ಮುಂದೆ ಕೂತು ಲ್ಯಾಪ್‌ಟಾಪ್ ತೆರೆದಳು.

ಬರೆಯುವುದಕ್ಕೆ ಮೊದಲು ಶಿಷ್ಯೆಯ ಮಾತನ್ನೇ ಎಷ್ಟೋ ಹೊತ್ತು ಮನಸ್ಸಿನಲ್ಲಿ ಹೊರಳಿಸಿದಳು. ಎರಡು ತಿಂಗಳು. ಬೋರಿನ ವಿವರ ಬರೆಯಲು ತಡವಾಯಿತೆಂದರೆ ಯಾರೂ ಕೇಳುವುದಿಲ್ಲ. ಈ ಇಲಾಖೆಯಲ್ಲಿ ತಡವಾಗದಿದ್ದರೆ ತಾನೇ ಅನುಮಾನ. ಆದರೆ ಆ ಎರಡು ತಿಂಗಳ ಕೊನೆಗೆ ಹುಡುಗಿಯ ಹೆಸರಿನ ಹಿಂದೆ ಡಾಕ್ಟರ್ ಸೇರುತ್ತದೆ, ಮಾರನೇ ದಿನವೇ ಅವಳ ಪ್ರಬಂಧ ಸುಳ್ಳು ಎಂದು ಗುರುವೇ ಬರೆಯುತ್ತಾಳೆ. ಅದು ಕೊಟ್ಟ ಕೈಯಲ್ಲೇ ಕಿತ್ತುಕೊಂಡ ಹಾಗೆ. ಇಲ್ಲದಿದ್ದರೆ ಎಂದೂ ಬರೆಯದೆ ಇರಬೇಕು. ಅವಳು ತನ್ನ ಲೇಖನಗಳನ್ನು ಅಚ್ಚುಹಾಕಿದ ಪತ್ರಿಕೆಗಳಿಗೆ ಪತ್ರ ಶುರು ಮಾಡಿದಳು. ಆರು ಸಾಲಿನ ಪತ್ರಕ್ಕೆ ಒಂದು ಗಂಟೆ ಹಿಡಿಯಿತು. ಬರೆದು ಮುಗಿಸಿದಾಗ ಯಾವ ಸಮಾಧಾನವೂ ಆಗಲಿಲ್ಲ.

"ಏನೋ ಬರೆದ ಹಾಗಿದೆ," ಎಂದ ಅಪ್ಪ. "ಓದಲ್ವಾ?"

ಇದು ಅವರಿಬ್ಬರ ನಡುವಿನ ರೂಢಿ. ಅವಳು ಏನೇ ಬರೆದರೂ, ಕಳಿಸುವ ಮೊದಲು ಇಂಗ್ಲಿಷಿನಲ್ಲಿದ್ದುದನ್ನು ಮನೆಮಾತಿಗೆ ಇಳಿಸಿ ಅಪ್ಪನಿಗೆ ಓದಿ ಹೇಳಬೇಕು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. "ಅದು ಬರೀ ಹಳದಿ ಅಲ್ಲ ಪುಟ್ಟೀ, ಹಿತ್ತಾಳೆ ಪಾತ್ರೆ ಹಳದಿ" ಎಂದು ತಿದ್ದುತ್ತಿದ್ದ. ಅವಳು ತಿದ್ದಿಕೊಳ್ಳುತ್ತಿದ್ದಳು.

"ಸಣ್ಣ ಪತ್ರ ಅಪ್ಪ. ಓದೋವಂಥದ್ದು ಏನಿಲ್ಲ."

"ಸಣ್ಣದಾದ್ರೆ ಬೇಗ ಮುಗಿಯುತ್ತೆ. ಓದು."

ಸುಳ್ಳು ಓದಬಹುದಿತ್ತು. ತೆರೆಯ ಮೇಲಿರುವುದು ಅಪ್ಪನಿಗೆ ಗೊತ್ತಾಗುತ್ತಿರಲಿಲ್ಲ. ಬೋರಿನ ಸಂಖ್ಯೆಯೊಂದನ್ನು ಮಾತ್ರ ನುಂಗಿ ಅವಳು ಓದಿದಳು. "ಹೊಸ ಬೋರಿನ ಜೊತೆ ಹೋಲಿಸಿದಾಗ, ಹಳೆ ಬೋರಿನ ಇಪ್ಪತ್ತನಾಲ್ಕು ಪೆಟ್ಟಿಗೆಗಳಲ್ಲಿ ಕಲ್ಲುಗಳನ್ನು ತಲೆಕೆಳಗಾಗಿ ಜೋಡಿಸಲಾಗಿತ್ತು ಅಂತ ತಿಳಿದುಬಂದಿದೆ. ಆದ್ದರಿಂದ ಬಿಸಿನೀರು ಮೇಲಿನಿಂದ ಇಳಿದಿದೆ ಅನ್ನೋ ನನ್ನ ವಾದಕ್ಕೆ ಆಧಾರ ಇಲ್ಲ. ಅದರ ಬಗ್ಗೆ ಬರೆದ ಎಲ್ಲ ಲೇಖನಗಳನ್ನೂ ವಾಪಸ್ ತಗೊಳ್ತಾ ಇದ್ದೀನಿ."

ಅಪ್ಪ ಕಣ್ಣು ತೆರೆದ. ಮಗಳ ವಾದ ಬಿದ್ದುಹೋದದ್ದಕ್ಕಿಂತ ಮೊದಲು ಅವನಿಗೆ ತಾಕಿದ್ದು ಪೆಟ್ಟಿಗೆಯ ಮಾತು.

"ಯಾವನವನು ಜೋಡ್ಸಿದ್ದು? ಇಪ್ಪತ್ತೆಂಟು ವರ್ಷ ಮಾಡಿದ್ದೀನಿ, ಒಂದು ಚೂರು ಆಚೀಚೆ ಆಗಿಲ್ಲ. ತಲೆ ಯಾವುದು ಕಾಲು ಯಾವುದು ಗೊತ್ತಿಲ್ಲದೋನಿಗೆ ಪೆಟ್ಟಿಗೆ ಮುಟ್ಟೋಕೆ ಬಿಡ್ತಾರಾ? ಅವನ ಒಂದು ದಿನದ ಸೋಮಾರಿತನಕ್ಕೆ ನಿನ್ನ ಇಷ್ಟು ವರ್ಷ ಹಾಳಾಯ್ತಲ್ಲ. ಅಂಥವನ ಕೈ..." ಎಂದು ಶಾಪ ಹಾಕಲು ಹೋದವನು ಏನೋ ಹೊಳೆದಂತಾಗಿ ತಡೆದುಕೊಂಡ. "ಯಾವ ಬೋರು?"

ಅವಳು ತೆರೆಯ ಕಡೆ ನೋಡುತ್ತಿದ್ದಳು.

"ಯಾವ ಬೋರು ಅಂತ ಕೇಳ್ದೆ."

"ಹದಿನೇಳು, ಅಪ್ಪ."

ಅಪ್ಪ ಎಣ್ಣೆ ಹತ್ತಿದ ಎರಡೂ ಕೈಗಳನ್ನು ಮುಷ್ಟಿ ಮಾಡಿ, ಗೆಣ್ಣಿಗೆ ಗೆಣ್ಣು ತಾಗಿಸಿ ಮಡಿಲಲ್ಲಿ ಇಟ್ಟುಕೊಂಡ. ಬೇರೆ ಮಾಡಿದ. ಬಲಗೈ ಇದ್ದಲ್ಲಿಗೆ ಎಡಗೈ ತಂದು ಮತ್ತೆ ತಾಗಿಸಿದ. ಹಾಗಿಟ್ಟರೂ ಗೆಣ್ಣಿಗೆ ಗೆಣ್ಣು ಸರಿಯಾಗಿ ಕೂತಿತು.

"ಕಪಾಟಿಗೆ ಗೆದ್ದಲು ಹಿಡಿದಿತ್ತು," ಎಂದ. "ಶುಕ್ರವಾರ ಸಂಜೆ ಕುಸೀತು. ಸೋಮವಾರ ದೊಡ್ಡ ಸಾಹೇಬ್ರು ನೋಡೋಕೆ ಬರೋರಿದ್ರು. ಚೂರಿಗೆ ಚೂರು ಹೊಂದಿಸ್ಕೊಂಡು ಹೋದೆ, ಒಂದೂ ಉಳೀಲಿಲ್ಲ. ಎರಡು ತುದಿ ಮಾತ್ರ ಪುಡಿ ಆಗಿತ್ತು. ಯಾವ ತುದಿ ಮೇಲೆ ಅಂತ ಒಂದು ಗಳಿಗೆ ಅನುಮಾನ ಬಂತು." ಮುಷ್ಟಿ ಬಿಚ್ಚಿದ. "ನವಿಲು ಬಣ್ಣದ್ದು ಮೇಲಿರ್ಲಿ, ಸಾಹೇಬ್ರು ಪೆಟ್ಟಿಗೆ ತೆಗೆದ ಕೂಡ್ಲೇ ಅದೇ ಕಣ್ಣಿಗೆ ಬೀಳ್ಲಿ ಅಂತ ಇಟ್ಟೆ."

ಹಣ್ಣಿನ ಅಂಗಡಿಯವನು ಬುಟ್ಟಿಯ ಮೇಲೆ ಒಳ್ಳೆಯ ಹಣ್ಣು ಇಡುವ ಹಾಗೆ. ಅವಳಿಗೆ ನಗು ಬರುವುದರಲ್ಲಿತ್ತು, ಬಂದರೆ ನಿಲ್ಲುವುದಿಲ್ಲ ಎಂದು ಹೆದರಿ ತುಟಿ ಕಚ್ಚಿದಳು. ಸಾಹೇಬರು ಬಂದಿದ್ದರೋ ಇಲ್ಲವೋ ಎಂದು ಕೇಳಲಿಲ್ಲ.

"ಆ ಹುಡುಗಿ? ನಿನ್ನ ಶಿಷ್ಯೆ?"

"ಅವಳದ್ದೂ ಹೋಯ್ತು."

ಅಪ್ಪ ತಲೆಯಾಡಿಸಿದ. ಆ ಹುಡುಗಿ ಮನೆಗೆ ಬಂದಾಗಲೆಲ್ಲ ಅವನಿಂದ ಹಳೆಯ ಶೆಡ್ಡಿನ ಕಥೆ ಹೇಳಿಸಿಕೊಂಡು ಹೋಗುತ್ತಿದ್ದವಳು. ಆಮೇಲೆ ಗೋಡೆ ಹಿಡಿದು, ಮಂಡಿಯ ನೋವಿಗೆ ಹಲ್ಲು ಕಚ್ಚಿ ಎದ್ದ. ಅವಳು ಹಿಡಿಯಲು ಹೋದರೆ ಬೇಡವೆಂದು ಕೈ ಅಡ್ಡ ಮಾಡಿದ. ಮೇಜಿನ ಹತ್ತಿರ ಬಂದು ಅವಳ ಕುರ್ಚಿಯ ಬೆನ್ನು ಹಿಡಿದು ನಿಂತ.

"ಜೋಡಿಸಲಾಗಿತ್ತು ಅಂತ ಬರೆದ್ಯಲ್ಲ, ಯಾರು ಜೋಡ್ಸಿದ್ದು ಅಂತ ಯಾಕೆ ಬರೀಲಿಲ್ಲ? ಗಾಳಿ ಜೋಡ್ಸಿತಾ?"

"ಅದೆಲ್ಲ ಬರೀಬೇಕಾಗಿಲ್ಲ ಅಪ್ಪ. ಬಾಣ ಹಾಕಿದ್ದು ನಾನೇ."

"ಒಂಬತ್ತು ವರ್ಷದ ಮಗು ಮೇಲೆ ಹಾಕ್ತೀಯಾ? ಹೀಗೇ ಕಳಿಸಿದ್ರೆ ನಾಳೆ ಯಾರಾದ್ರೂ ಕೇಳ್ತಾರೆ, ನೀನೇ ಬೇಕು ಅಂತ ಮಾಡಿದ್ಯೇನೋ ಅಂತ. ನನ್ನ ಹೆಸರು ಬರಿ. ಶೆಡ್ಡಿನ ಕೆಲಸದವನು, ಇಂಥವನು, ಇಂಥ ವರ್ಷ ಅಂತ ಬರಿ."

"ಅಪ್ಪ, ಬೇಡ."

"ಬರಿ ಪುಟ್ಟೀ."

ಅವಳ ಹದಿನಾಲ್ಕು ಲೇಖನಗಳಿದ್ದವು. ಪ್ರತಿಯೊಂದರ ಕೊನೆಯಲ್ಲೂ ನಿರ್ದೇಶಕರಿಗೆ, ಪ್ರಯೋಗಾಲಯದವರಿಗೆ, ಜೀಪಿನ ಚಾಲಕನಿಗೆ ಕೂಡ ಹೆಸರು ಹಿಡಿದು ಧನ್ಯವಾದ ಹೇಳಿದ್ದಳು. ಮನೆಯವರಿಗೆ ಏನು ಧನ್ಯವಾದ ಎಂದು ಅಪ್ಪನ ಹೆಸರನ್ನು ಎಲ್ಲೂ ಹಾಕಿರಲಿಲ್ಲ. ಈಗ ಅದನ್ನು ಒಂದೊಂದೇ ಅಕ್ಷರವಾಗಿ ಮೂರನೇ ಸಾಲಿನಲ್ಲಿ ಕೂರಿಸಿದಳು. ಅಪ್ಪ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ.

"ಇದಾ?"

"ಇದೇ."

ಅವನು ಆ ಪದದ ಕೆಳಗೆ ಬೆರಳಿಟ್ಟ. ತೆರೆಯ ಮೇಲೆ ಎಣ್ಣೆಯ ಗುರುತು ಬಿತ್ತು. "ಈಗ ಮೊದಲಿಂದ ಓದು," ಎಂದು ಕಣ್ಣು ಮುಚ್ಚಿದ.

ಅವಳು ಓದಿದಳು. ಮೊದಲ ಸಾಲು ಓದಿದಳು, ಎರಡನೆಯದನ್ನು ಓದಿದಳು. ಮೂರನೇ ಸಾಲಿನಲ್ಲಿ, ಹುಟ್ಟಿದಾಗಿನಿಂದ ಅಪ್ಪ ಎಂದಲ್ಲದೆ ಬೇರೇನೂ ಕರೆಯದ ನಾಲಿಗೆ ಆ ಹೆಸರಿನ ಹತ್ತಿರ ಬಂದು ನಿಂತುಬಿಟ್ಟಿತು. ಎರಡು ಸಲ ಪ್ರಯತ್ನಿಸಿದಳು. ಅಪ್ಪ ಅಷ್ಟು ಹೊತ್ತು ಕಾದು, ಕಣ್ಣು ತೆರೆಯದೆ, ಹಾಜರಿ ಕೂಗುವವರ ಮುಂದೆ ನಿಂತವನ ಹಾಗೆ ಸ್ವಲ್ಪ ನೆಟ್ಟಗಾಗಿ, ತನ್ನ ಹೆಸರನ್ನು ತಾನೇ ಹೇಳಿದ.